ತೂಬು ಎತ್ತೋ ಕೈ

2022ರ ಮಳೆಗಾಲದಲ್ಲಿ ನಮ್ಮೂರ ಕೆರೆ ಕೋಡಿ ಬಿತ್ತು. ತುಮಕೂರು ಕಡೆಯವರಿಗೆ ಆ ವರ್ಷ ನೆನಪಿರುತ್ತೆ, ಎಷ್ಟೋ ವರ್ಷದಿಂದ ಬರೀ ಜಾಲಿ ಬೆಳ್ಕೊಂಡು ಬಿದ್ದಿದ್ದ ಕೆರೆಗಳೆಲ್ಲ ತುಂಬಿ ಹರಿದ್ವು. ನಾನು ಬೆಂಗಳೂರಿಂದ ಶನಿವಾರ ರಾತ್ರಿ ಬಸ್ಸಿಗೆ ಹೋದೆ, ಭಾನುವಾರ ಬೆಳಿಗ್ಗೆ ನೋಡಿದ್ರೆ ಊರಿಗೆ ಊರೇ ಏರಿ ಮೇಲಿತ್ತು, ಗಂಗಮ್ಮನ ಪೂಜೆ, ಬಾಗಿನ, ಫೋಟೋ, ವಿಡಿಯೋ ಕಾಲ್. ಮಧ್ಯಾಹ್ನದ ಹೊತ್ತಿಗೆ ಯಾರೋ ಗಮನಿಸಿದ್ರು, ತೂಬಿನಿಂದ ಹತ್ತು ಮಾರು ದೂರದಲ್ಲಿ ಏರಿಯ ಆಚೆ ಮೈಯಿಂದ ನೀರು ಜಿನುಗ್ತಾ ಇದೆ. ಮೊದಲು ಬೆರಳು ಗಾತ್ರ ಇತ್ತು, ನೋಡ್ತಾ ನೋಡ್ತಾ ಮೊಣಕೈ ಗಾತ್ರ ಆಯ್ತು, ನೀರು ಕೆಂಪಗೆ ಬರ್ತಿತ್ತು, ಕೆಂಪಗೆ ಬರ್ತಿದೆ ಅಂದ್ರೆ ಏರಿ ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ ಅಂತ.

ಏರಿ ಮೇಲೆ ಇನ್ನೂರು ಜನ ಇದ್ವಿ. ಅಷ್ಟೂ ಜನ ಮಾಡಿದ್ದು ಒಂದೇ ಕೆಲಸ, ಫೋನ್ ತೆಗೆದಿದ್ದು. ಮೆಂಬರಿಗೆ, ಪಿಡಿಓಗೆ, ಎಂಜಿನಿಯರಿಗೆ. ನಾವು ಬರೋ ತನಕ ಯಾರೂ ಏನೂ ಮುಟ್ಬೇಡಿ ಅಂತ ಉತ್ತರ ಬಂತು. ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ತೂಬು ಎತ್ತಿ ಕಾಲುವೆಗೆ ನೀರು ಬಿಟ್ರೆ ಏರಿ ಮೇಲಿನ ಒತ್ತಡ ಇಳಿಯುತ್ತೆ ಅಂತ ಎಲ್ರಿಗೂ ಗೊತ್ತು, ಎತ್ತೋದು ಹೇಗೆ ಅಂತ ಒಬ್ಬರಿಗೂ ಗೊತ್ತಿಲ್ಲ. ಅದು ಗೊತ್ತಿದ್ದ ಕೊನೆಯವನು ನಮ್ಮೂರ ನೀರುಗಂಟಿ, ಅಂದ್ರೆ ಕೆರೆ ನೀರನ್ನ ಗದ್ದೆಗಳಿಗೆ ಹಂಚೋ ಕೆಲಸದವನು, ಅವನು ತೀರ್ಕೊಂಡು ಇಪ್ಪತ್ತು ವರ್ಷ ಆಗಿತ್ತು. ಕತ್ತಲಾಗೋ ಹೊತ್ತಿಗೆ ನಾಲ್ಕೈದು ಹುಡುಗ್ರು ಇನ್ನು ಕಾಯೋಕಾಗಲ್ಲ ಅಂತ ಟ್ರ್ಯಾಕ್ಟರಲ್ಲಿ ಮರಳು ತಂದ್ರು, ನೀರು ಬರೋ ಜಾಗಕ್ಕೆ ಹುಲ್ಲು ಹಾಸಿ, ಮರಳು ಸುರಿದು, ಅದರ ಮೇಲೆ ಮೂಟೆ ಪೇರಿಸಿದ್ರು. ಹೀಗೇ ಮಾಡ್ಬೇಕು, ತೂತಿಗೆ ಮಣ್ಣು ತುರುಕಬಾರ್ದು, ನೀರು ಸೋಸಿ ಬರ್ಲಿ ಮಣ್ಣು ಮಾತ್ರ ನಿಲ್ಲಲಿ ಅಂತ ಹೇಳ್ಕೊಟ್ಟಿದ್ದು ಅದೇ ನೀರುಗಂಟಿಯ ಮೊಮ್ಮಗ, ಚಿಕ್ಕವನಿದ್ದಾಗ ತಾತ ಮಾಡೋದನ್ನ ನೋಡಿದ್ದನಂತೆ. ಬೆಳಗಾಗೋ ಹೊತ್ತಿಗೆ ಬರ್ತಿದ್ದ ನೀರು ತಿಳಿಯಾಗಿತ್ತು. ಏರಿ ಉಳೀತು.

ಆ ವಾರ ನಾನು ರಷ್ಯಾದ ಅರಾಜಕವಾದಿ ಪೀಟರ್ ಕ್ರೊಪಾಟ್ಕಿನ್ ಬರಹಗಳನ್ನ ಓದ್ತಾ ಇದ್ದೆ. ವಾಪಸ್ ಬರೋ ಬಸ್ಸಲ್ಲಿ ಮತ್ತೆ ಮೊಬೈಲ್ ತೆಗೆದು ಎಲ್ಲಿ ಬಿಟ್ಟಿದ್ನೋ ಅಲ್ಲಿಂದ ಶುರು ಮಾಡಿದೆ, ಒಂದು ಕಡೆ ಬಂದು ಕಣ್ಣು ನಿಂತೇಬಿಡ್ತು. ಸರ್ಕಾರದ ಕಡೆಗಿನ ಬಾಧ್ಯತೆಗಳು ಹೆಚ್ಚಾಗ್ತಾ ಹೋದಂಗೆಲ್ಲ ಜನ ತಮ್ಮ ತಮ್ಮಲ್ಲೇ ಒಬ್ಬರಿಗೊಬ್ಬರು ಹೊತ್ಕೊಂಡಿದ್ದ ಬಾಧ್ಯತೆಗಳಿಂದ ಕಳಚ್ಕೊಳ್ತಾರೆ, ಇದು ಅವನ ಮಾತಿನ ತಿರುಳು. ಪೊಲೀಸು, ಜೈಲು, ತೆರಿಗೆ ಇವೆಲ್ಲ ಪ್ರಭುತ್ವದ ಕಣ್ಣಿಗೆ ಕಾಣೋ ಕೈಗಳು, ಅವುಗಳ ಬಗ್ಗೆ ಎಲ್ರೂ ಬೈತಾರೆ. ಆದ್ರೆ ಇನ್ನೂರು ಜನರ ಕೈಯನ್ನ ಏನೂ ಬಾರದ ಕೈ ಮಾಡಿ, ಆಮೇಲೆ ನೋಡ್ರಪ್ಪ ನಾನಿಲ್ದೇ ನಿಮ್ಗೆ ಏನೂ ಆಗಲ್ಲ ಅನ್ನೋದಿದೆಯಲ್ಲ, ಆ ಹಿಂದಿನ ಸಂಜೆ ನಾನು ಏರಿ ಮೇಲೆ ಕಂಡಿದ್ದು ಅದನ್ನೇ.

ಅರಾಜಕತೆ ಅಂದ ಕೂಡ್ಲೇ ನಮ್ಮ ತಲೆಗೆ ಬರೋದು ಪೇಪರ್ ಹೆಡ್ಡಿಂಗು, ಲೂಟಿ, ಬೆಂಕಿ, ಕಲ್ಲು ತೂರಾಟ. ಅರಾಜಕ ಅನ್ನೋ ಪದದಲ್ಲಿ ಇರೋದು ರಾಜ ಇಲ್ಲ ಅನ್ನೋದಷ್ಟೇ, ರಾಜ ಇಲ್ಲದ ಕಡೆ ದರೋಡೆ ಇದ್ದೇ ಇರುತ್ತೆ ಅಂತ ಸೇರಿಸ್ಕೊಂಡಿದ್ದು ನಾವು. 1840ರಲ್ಲಿ ಫ್ರಾನ್ಸಿನ ಪ್ರೂಧೋನ್ ಈ ಬೈಗುಳವನ್ನೇ ಎತ್ತಿ ಹೆಸರು ಮಾಡ್ಕೊಂಡ, ಹೌದು ನಾನು ಅರಾಜಕವಾದಿ ಅಂದ. ಗಾಂಧೀಜಿ ಕೂಡ 1916ರಲ್ಲಿ ಬನಾರಸ್‌ನಲ್ಲಿ, ಮಹಾರಾಜರುಗಳೆಲ್ಲ ಕೂತಿದ್ದ ವೇದಿಕೆಯಲ್ಲಿ ನಿಂತು, ನಾನೂ ಅರಾಜಕವಾದಿಯೇ ಆದ್ರೆ ಬೇರೆ ಥರದವನು ಅಂತ ಹೇಳಿದ್ರು, ಆ ಭಾಷಣವನ್ನ ಪೂರ್ತಿ ಮಾಡೋಕೆ ಬಿಡಲಿಲ್ಲ ಅವರನ್ನ.

ಕ್ರೊಪಾಟ್ಕಿನ್ ಅರಾಜಕವಾದಿ ಆಗಿದ್ದು ಪುಸ್ತಕ ಓದಿ ಅಲ್ಲ. 1842ರಲ್ಲಿ ಮಾಸ್ಕೋದಲ್ಲಿ ಪ್ರಿನ್ಸ್ ಬಿರುದಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು, ಅಪ್ಪನ ಹತ್ರ ಮೂರು ಪ್ರಾಂತ್ಯಗಳಲ್ಲಿ ಸುಮಾರು 1,200 ಜೀತದಾಳುಗಳು, ಅದೂ ಗಂಡಸರ ಲೆಕ್ಕ ಮಾತ್ರ. ಪೀಟರ್ಸ್‌ಬರ್ಗಿನ ಅತಿ ಪ್ರತಿಷ್ಠಿತ ಸೈನಿಕ ಶಾಲೆಯಲ್ಲಿ ಓದಿ ಎರಡನೇ ಅಲೆಕ್ಸಾಂಡರ್ ದೊರೆಯ ಹಿಂದೆ ನಿಲ್ಲೋ ಹುಡುಗ ಆಗಿದ್ದ. 1862ರಲ್ಲಿ ಯಾವ ರೆಜಿಮೆಂಟ್ ಬೇಕೋ ಆರಿಸ್ಕೋ ಅಂದಾಗ ಎಲ್ರೂ ಅರಮನೆ ಕಾವಲು ಪಡೆ ಕೇಳಿದ್ರೆ ಇವನು ಸೈಬೀರಿಯಾ ಕೇಳ್ದ. ಅಲ್ಲಿ ಐದು ವರ್ಷ. ಜೈಲು ಸುಧಾರಣೆ, ಪಟ್ಟಣಗಳ ಆಡಳಿತ ಅಂತ ಕೂತು ಕೂತು ವರದಿ ಬರ್ದು ರಾಜಧಾನಿಗೆ ಕಳ್ಸಿದ್ದೆಲ್ಲ ಅಲ್ಲೇ ಧೂಳು ತಿಂತು. ಇನ್ನೊಂದು ಕಡೆ ಅಮುರ್ ನದಿ ದಂಡೆಯಲ್ಲಿ ದುಖೋಬೋರ್ ಅನ್ನೋ ಪಂಥದವರು, ಚರ್ಚೂ ಬೇಡ ಸೈನ್ಯವೂ ಬೇಡ ಅಂದಿದ್ದಕ್ಕೆ ಗಡೀಪಾರಾದವರು, ಎಲ್ಲವನ್ನೂ ಹಂಚ್ಕೊಂಡು ದುಡಿದು ಚೆನ್ನಾಗಿ ಊರು ಕಟ್ಕೊಂಡಿದ್ರು, ಅದೇ ದಂಡೆಯಲ್ಲಿ ಸರ್ಕಾರ ಹುಕುಂ ಮೇಲೆ ಕೂರಿಸಿದ ಊರುಗಳು ಸೊರಗ್ತಿದ್ವು. ಹುಕುಂ ಅನ್ನೋದು ಪರೇಡಿಗೆ ಸರಿ, ಹತ್ತು ಜನ ಮನಸ್ಸಿಟ್ಟು ಸೇರಿ ಮಾಡೋ ಕೆಲಸಕ್ಕೆ ಅದು ಬರಲ್ಲ, ಇದು ಅವನು ಸೈಬೀರಿಯಾದಿಂದ ತಂದ ಪಾಠ.

1872ರಲ್ಲಿ ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳಿಗೆ ಹೋದ. ಅಲ್ಲಿ ಗಡಿಯಾರ ಮಾಡೋರು ಮನೆಯಲ್ಲೋ ಸಣ್ಣ ಕಾರ್ಖಾನೆಯಲ್ಲೋ ಕೂತು ಕೆಲಸ ಮಾಡ್ತಾ ಮಾಡ್ತಾನೇ ರಾಜಕೀಯ ಮಾತಾಡೋರು, ಅವರಲ್ಲಿ ಲೀಡರು ಫಾಲೋವರು ಅಂತ ಇರಲಿಲ್ಲ, ಪ್ರತಿಯೊಬ್ಬನಿಗೂ ತನ್ನದೇ ಅಭಿಪ್ರಾಯ ಇತ್ತು. ಒಂದು ವಾರ ಅವರ ಜತೆ ಇದ್ದು ಬೆಟ್ಟ ಇಳಿಯೋ ಹೊತ್ತಿಗೆ ಅವನು ಅರಾಜಕವಾದಿ ಆಗಿದ್ದ. ರಷ್ಯಾಗೆ ವಾಪಸ್ ಬಂದು 1874ರಲ್ಲಿ ಅರೆಸ್ಟ್ ಆದ. ಎರಡು ವರ್ಷ ಆದ್ಮೇಲೆ ಮಿಲಿಟರಿ ಆಸ್ಪತ್ರೆಯಿಂದ ತಪ್ಪಿಸ್ಕೊಂಡಿದ್ದು ದೊಡ್ಡ ಕಥೆ, ಗೋಡೆ ಆಚೆ ಕೆಂಪು ಬಲೂನ್ ಹಾರಿಸಿದ್ರೆ ಓಡು ಅಂತ ಸ್ನೇಹಿತರ ಗುರುತು, ಆವತ್ತು ನೋಡಿದ್ರೆ ಇಡೀ ಪೀಟರ್ಸ್‌ಬರ್ಗಲ್ಲಿ ಹುಡುಕಿದ್ರೂ ಹಾರೋ ಬಲೂನ್ ಸಿಗಲಿಲ್ಲ. ಮುಂದಿನ ಸಲ ಎದುರು ಮನೆಯಿಂದ ಪಿಟೀಲು ನುಡಿಸಿದ್ರು, ಆಸ್ಪತ್ರೆಯ ನಿಲುವಂಗಿ ಕಿತ್ತೆಸೆದು ಓಡಿ ಕುದುರೆ ಗಾಡಿ ಹತ್ತಿದ. ನಂಗೆ ಈ ಕಥೆಯಲ್ಲಿ ಇಷ್ಟ ಆಗೋದು ಬಲೂನ್ ಹುಡುಕ್ಕೊಂಡು ಬೀದಿ ಬೀದಿ ಅಲೆದ ಆ ಸ್ನೇಹಿತರು.

ಪ್ರಭುತ್ವದ ಬಗ್ಗೆ ಅವನ ವಾದದ ಜೀವ ಇರೋದು ಚರಿತ್ರೆಯಲ್ಲಿ. ಸಮಾಜ ಬೇರೆ, ಪ್ರಭುತ್ವ ಬೇರೆ, ಮನುಷ್ಯ ಊರು ಕಟ್ಕೊಂಡು, ಕಾಡು ಗೋಮಾಳ ಹಂಚ್ಕೊಂಡು, ಕಸುಬಿನ ಸಂಘ ಮಾಡ್ಕೊಂಡು ಸಾವಿರಾರು ವರ್ಷ ಬಾಳಿದ್ದಾನೆ, ಈಗ ನಾವು ನೋಡೋ ಎಲ್ಲದಕ್ಕೂ ಕೈ ಹಾಕೋ ಕೇಂದ್ರೀಕೃತ ಪ್ರಭುತ್ವ ಯುರೋಪಲ್ಲಿ ಬಂದಿದ್ದು ಹದಿನಾರನೇ ಶತಮಾನದ ಆಸುಪಾಸು ಅಂತಾನೆ. ಅದು ಬಂದು ಖಾಲಿ ಜಾಗದಲ್ಲಿ ಕೂರಲಿಲ್ಲ, ಇದ್ದ ಸಂಘಗಳನ್ನ ಮುರಿದು ಅವುಗಳ ಜಾಗದಲ್ಲಿ ಕೂತ್ಕೊಳ್ತು. ಕ್ರಾಂತಿ ಮಾಡಿದ ಫ್ರಾನ್ಸೇ 1791ರಲ್ಲಿ ಕಾರ್ಮಿಕರು ಸಂಘ ಕಟ್ಟೋದನ್ನ ಅಪರಾಧ ಮಾಡ್ತು, ಆ ಹಕ್ಕು ಕಾನೂನಾಗಿ ವಾಪಸ್ ಸಿಗೋಕೆ 1884ರ ತನಕ ಕಾಯಬೇಕಾಯ್ತು. ಸ್ವಾತಂತ್ರ್ಯ ಸಮಾನತೆ ಅಂತ ಕೂಗಿದ ಪ್ರಭುತ್ವಕ್ಕೂ ತನ್ನ ಮತ್ತು ಒಬ್ಬಂಟಿ ಪ್ರಜೆಯ ಮಧ್ಯೆ ಇನ್ಯಾರೂ ನಿಲ್ಲಬಾರ್ದು ಅನ್ನೋದೇ ಬೇಕಾಗಿತ್ತು ಅಂತ ಓದ್ದಾಗ ನಂಗೆ ತುಂಬ ಹೊತ್ತು ಮುಂದಕ್ಕೆ ಹೋಗೋಕಾಗಲಿಲ್ಲ.

ಇಂಗ್ಲೆಂಡಲ್ಲಿ ಇದ್ದಾಗ, 1888ರಲ್ಲಿ ಹಕ್ಸ್‌ಲಿ ಅನ್ನೋ ವಿಜ್ಞಾನಿ ಜೀವಲೋಕ ಅಂದ್ರೆ ಹೊಡೆದಾಟದ ಅಖಾಡ ಅನ್ನೋ ಅರ್ಥದಲ್ಲಿ ಬರೆದಿದ್ದಕ್ಕೆ ಕ್ರೊಪಾಟ್ಕಿನ್ ಸೈಬೀರಿಯಾದಲ್ಲಿ ಕಣ್ಣಾರೆ ಕಂಡಿದ್ದನ್ನ ಇಟ್ಕೊಂಡು ವರ್ಷಗಟ್ಟಲೆ ಉತ್ತರ ಬರ್ದ. ಅದೆಲ್ಲ ಸೇರಿ 1902ರಲ್ಲಿ ಪುಸ್ತಕ ಆಯ್ತು, ಪರಸ್ಪರ ನೆರವು ಅನ್ನೋದು ಅದರ ವಿಷಯ. ನಮ್ಮ ಕಡೆ ಅದಕ್ಕೆ ಒಂದು ಪದ ಮೊದಲೇ ಇತ್ತು, ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮನೆಯವರು, ನಾಳೆ ನಮ್ಮದಕ್ಕೆ ನಿಮ್ಮನೆಯವರು, ದುಡ್ಡಿನ ಲೆಕ್ಕ ಇಲ್ಲ ಆದ್ರೆ ಲೆಕ್ಕ ಯಾರೂ ಮರೆಯಲ್ಲ. ಬರೀ ಹಳ್ಳಿ ಉದಾಹರಣೆ ಅಲ್ಲ ಅವನು ಕೊಡೋದು, ಇಂಗ್ಲೆಂಡಿನ ಕರಾವಳಿಯಲ್ಲಿ 1824ರಿಂದ ಹಡಗು ಮುಳುಗಿದಾಗ ಬಿರುಗಾಳಿಗೆ ದೋಣಿ ಇಳಿಸಿ ಜನರನ್ನ ಎತ್ಕೊಂಡು ಬರೋ ಸ್ವಯಂಸೇವಕರನ್ನ ತೋರಿಸ್ತಾನೆ, ಯುರೋಪಿನ ನೂರಾರು ರೈಲ್ವೆ ಕಂಪನಿಗಳು ಯಾವ ರೈಲು ಸರ್ಕಾರವೂ ಇಲ್ದೆ ಮಾತಾಡ್ಕೊಂಡೇ ಗಡಿ ದಾಟಿ ರೈಲು ಓಡಿಸೋದನ್ನ ತೋರಿಸ್ತಾನೆ. ನಾನು ಇದಕ್ಕೆ ಸ್ಪೇನಿನ ವಲೆನ್ಸಿಯಾ ಸೇರಿಸ್ತೀನಿ. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಬಾಗಿಲಲ್ಲಿ ಎಂಟು ಕಾಲುವೆಗಳ ರೈತರು ಆರಿಸಿದ ಎಂಟು ಜನ ಕೂತು ನೀರಿನ ಜಗಳ ತೀರ್ಮಾನ ಮಾಡ್ತಾರೆ, ಲಾಯರ್ ಇಲ್ಲ, ಫೈಲ್ ಇಲ್ಲ, ಎಲ್ಲ ಬಾಯಿ ಮಾತಲ್ಲೇ, ನೂರಾರು ವರ್ಷದಿಂದ ನಡೀತಿದೆ.

ಇನ್ನು ನಮ್ಮ ಕಡೆ. ಅಪ್ಪ ಹೋದ್ಮೇಲೆ ಜಮೀನು ನಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸೋಕೆ ಹೋದೆ. ಪಹಣಿಯಲ್ಲಿ ಅಪ್ಪನ ಹೆಸರಿಗೆ ಒಂದು ಅಕ್ಷರ ಜಾಸ್ತಿ ಇತ್ತು, ಮರಣ ಪತ್ರದಲ್ಲಿ ಇರಲಿಲ್ಲ. ಆ ಅಕ್ಷರದ ಮನುಷ್ಯ ಮತ್ತು ಈ ಅಕ್ಷರದ ಮನುಷ್ಯ ಒಬ್ಬನೇ ಅಂತ ಸಾಬೀತು ಮಾಡೋಕೆ ಅಫಿಡವಿಟ್, ವಂಶವೃಕ್ಷ, ಮಹಜರು, ಹನ್ನೊಂದು ತಿಂಗಳು. ಅಮ್ಮ ಒಂದಿನ ಕೌಂಟರ್ ಮುಂದೆ ನಿಂತು, ಮೂವತ್ತೆಂಟು ವರ್ಷ ಬಾಳ್ವೆ ಮಾಡಿದೀನಿ ಕಣಪ್ಪ, ನಾನ್ ಹೇಳಿದ್ರೆ ಸಾಕಾಗಲ್ವಾ ಅಂದ್ರು. ಒಳಗಿದ್ದ ಹುಡುಗ ಒಳ್ಳೆಯವನೇ, ತಲೆ ತಗ್ಗಿಸಿ, ಸಿಸ್ಟಮ್ಮಲ್ಲಿ ತಗೊಳಲ್ಲ ಅಮ್ಮ ಅಂದ. ಪ್ರೂಧೋನ್ 1851ರಲ್ಲೇ ಆಳಿಸ್ಕೊಳ್ಳೋದು ಅಂದ್ರೇನು ಅಂತ ಒಂದು ಉದ್ದದ ಪಟ್ಟಿ ಕೊಟ್ಟಿದ್ದಾನೆ, ಹೆಜ್ಜೆ ಹೆಜ್ಜೆಗೂ ಬರ್ಸ್ಕೋಬೇಕು, ಎಣಿಸ್ಕೋಬೇಕು, ಮುದ್ರೆ ಹಾಕಿಸ್ಕೋಬೇಕು ಅಂತ. ಅಮ್ಮನ ಆ ಪ್ರಶ್ನೆ ಕೇಳಿದ್ಮೇಲೆ ಅದು ನಂಗೆ ಹಳೇ ಕಾಲದ ಮಾತಾಗಿ ಉಳೀಲಿಲ್ಲ.

ಹಾಗಾದ್ರೆ ಒಳ್ಳೆಯವರು ಪ್ರಭುತ್ವ ಹಿಡಿದ್ರೆ ಸರಿ ಹೋಗುತ್ತಾ? ಇದೇ ಪ್ರಶ್ನೆ ಮೇಲೆ ಮಾರ್ಕ್ಸ್ ಮತ್ತು ರಷ್ಯಾದ ಇನ್ನೊಬ್ಬ ಅರಾಜಕವಾದಿ ಬಕೂನಿನ್ ಬೇರೆಯಾಗಿದ್ದು, 1872ರಲ್ಲಿ ಹೇಗ್ ಅಧಿವೇಶನದಲ್ಲಿ ಬಕೂನಿನ್‌ನನ್ನ ಇಂಟರ್‌ನ್ಯಾಷನಲ್ ಅನ್ನೋ ಹಲವು ದೇಶಗಳ ಕಾರ್ಮಿಕರ ಸಂಘಟನೆಯಿಂದ ಹೊರಗೆ ಹಾಕಿದ್ರು. ಕಾರ್ಮಿಕರನ್ನೇ ಸಿಂಹಾಸನದ ಮೇಲೆ ಕೂರಿಸಿದ್ರೂ ಕೂತ ಮರುದಿನದಿಂದ ಅವರು ಕಾರ್ಮಿಕರಾಗಿರಲ್ಲ, ಆಳೋರಾಗಿರ್ತಾರೆ ಅನ್ನೋದು ಬಕೂನಿನ್ ವಾದ. ನಲವತ್ತೈದು ವರ್ಷ ಆದ್ಮೇಲೆ, 1917ರಲ್ಲಿ ಕ್ರೊಪಾಟ್ಕಿನ್ ಎಪ್ಪತ್ನಾಲ್ಕನೇ ವಯಸ್ಸಿಗೆ ರಷ್ಯಾಗೆ ವಾಪಸ್ ಬಂದ. ಮಧ್ಯೆ ಅವನು ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಫ್ರಾನ್ಸ್ ಪರ ನಿಂತಿದ್ದ, ಇಟಲಿಯ ಅರಾಜಕವಾದಿ ಮಲಟೆಸ್ಟಾ ಥರದ ಹಳೇ ಸ್ನೇಹಿತರು ದೂರ ಆದ್ರು, ನಂಗೂ ಅದು ನೋವಿನ ಜಾಗ. ಆಗಿನ ಹಂಗಾಮಿ ಸರ್ಕಾರದ ಕೆರೆನ್ಸ್ಕಿ ಮಂತ್ರಿ ಪದವಿ ಕೊಡ್ತೀನಿ ಅಂದ್ರೆ ಬೇಡ ಅಂದ. 1919ರಲ್ಲಿ ಲೆನಿನ್‌ನನ್ನ ಕಂಡು ಮಾತಾಡ್ದ. 1920ರ ಡಿಸೆಂಬರಲ್ಲಿ, ಲೆನಿನ್ ಪಕ್ಷದ ಬೊಲ್ಷೆವಿಕರು ವಿರೋಧಿಗಳನ್ನ ಒತ್ತೆಯಾಳಾಗಿ ಇಟ್ಕೊಳ್ತೀವಿ, ನಮ್ಮವರ ಮೇಲೆ ದಾಳಿ ಆದ್ರೆ ಅವರನ್ನ ಕೊಲ್ತೀವಿ ಅಂದಾಗ ಅದು ಮಧ್ಯಯುಗಕ್ಕೆ ವಾಪಸ್ ಹೋದಂಗೆ ಅಂತ ನೇರವಾಗಿ ಲೆನಿನ್‌ಗೇ ಕಾಗದ ಬರ್ದ. 1921ರ ಫೆಬ್ರವರಿ 8ಕ್ಕೆ ತೀರ್ಕೊಂಡ. ಅಂತ್ಯಕ್ರಿಯೆಗೆ ಅಂತ ಮಾಸ್ಕೋ ಜೈಲಿಂದ ಕೆಲವು ಅರಾಜಕವಾದಿಗಳನ್ನ ಒಂದಿನದ ಮಟ್ಟಿಗೆ ಬಿಟ್ರು, ವಾಪಸ್ ಬರ್ತೀವಿ ಅಂತ ಮಾತು ಕೊಟ್ಟಿದ್ರು, ಬಂದ್ರು.

ಒಂದು ತಿಂಗಳೂ ಆಗಿರಲಿಲ್ಲ, ಕ್ರೋನ್‌ಸ್ಟಾಟ್ ನೌಕಾನೆಲೆಯಲ್ಲಿ ನಾವಿಕರು ಎದ್ರು. ಅವರು ಕೇಳಿದ್ದು ತ್ಸಾರ್‌ನನ್ನ ಅಲ್ಲ, ಸೋವಿಯತ್‌ಗಳಿಗೆ, ಅಂದ್ರೆ ಕಾರ್ಮಿಕರ ರೈತರ ಪ್ರತಿನಿಧಿ ಸಭೆಗಳಿಗೆ, ಗುಪ್ತ ಮತದಾನದಲ್ಲಿ ಮತ್ತೆ ಚುನಾವಣೆ, ಕಾರ್ಮಿಕರಿಗೆ ರೈತರಿಗೆ ಮಾತಾಡೋ ಸ್ವಾತಂತ್ರ್ಯ, ರಾಜಕೀಯ ಕೈದಿಗಳ ಬಿಡುಗಡೆ. ಕೆಂಪು ಸೈನ್ಯ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡ್ಕೊಂಡು ಹೋಗಿ ಮಾರ್ಚ್ 18ಕ್ಕೆ ಅದನ್ನ ಅಡಗಿಸ್ತು. ಮಾರ್ಚ್ 18 ಅಂದ್ರೆ ಪ್ಯಾರಿಸ್ ಕಮ್ಯೂನ್ ಎದ್ದ ದಿನ, ಪ್ಯಾರಿಸ್ ಜನ ಬಂಡೆದ್ದು ತಾವೇ ಊರಾಳೋಕೆ ಹೊರಟ ದಿನ, 1871ರಿಂದ ಸರಿಯಾಗಿ ಐವತ್ತು ವರ್ಷ, ಆವತ್ತು ಸರ್ಕಾರ ಕಮ್ಯೂನಿನ ಉತ್ಸವ ಮಾಡ್ತಿತ್ತು.

ಇದನ್ನೆಲ್ಲ ಹತ್ತಿರದಿಂದ ಕಂಡ ಭಾರತೀಯರಲ್ಲಿ ಒಬ್ಬರು ಎಂ.ಪಿ.ಟಿ. ಆಚಾರ್ಯ. ಎಂ ಅಂದ್ರೆ ಮಂಡಯಂ, ನಮ್ಮ ಮಂಡ್ಯದ ಹೆಸರನ್ನೇ ಹೊತ್ತ ಅಯ್ಯಂಗಾರ್ ಮನೆತನ, ಹುಟ್ಟಿದ್ದು 1887ರಲ್ಲಿ ಮದ್ರಾಸಲ್ಲಿ. ಸುಬ್ರಹ್ಮಣ್ಯ ಭಾರತಿ ಜತೆ ಪತ್ರಿಕೆ ಕೆಲಸ, ಭಾರತೀಯ ಕ್ರಾಂತಿಕಾರಿಗಳು ಸೇರ್ತಿದ್ದ ಲಂಡನ್ನಿನ ಇಂಡಿಯಾ ಹೌಸ್, ಆಮೇಲೆ 1920ರ ಅಕ್ಟೋಬರಲ್ಲಿ ತಾಷ್ಕೆಂಟಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಆ ಪಕ್ಷದ ಮುಖಂಡ ಎಂ.ಎನ್. ರಾಯ್ ಜತೆ ಹೊಂದಲಿಲ್ಲ, ಕೆಲವೇ ತಿಂಗಳಲ್ಲಿ ಪಕ್ಷದಿಂದ ಹೊರಗೆ. 1922ರಲ್ಲಿ ಬರ್ಲಿನ್ ಸೇರಿದ್ಮೇಲೆ ಅವರು ಕೊನೇ ತನಕ ಅರಾಜಕವಾದಿ. 1935ರಲ್ಲಿ ಬಾಂಬೆಗೆ ಬಂದ್ರು, ಹೆಂಡತಿ ಮಾಗ್ದಾ ನಾಖ್ಮನ್ ರಷ್ಯಾದ ಚಿತ್ರಕಲಾವಿದೆ. ದೇಶ ಬಿಡುಗಡೆ ಆಗ್ಬೇಕು ಅಂತ ಜೀವ ತೇದವರು, ಬಿಡುಗಡೆ ಅಂದ್ರೆ ಬಿಳಿ ಕಲೆಕ್ಟರ್ ಹೋಗಿ ಕರಿ ಕಲೆಕ್ಟರ್ ಬರೋದಲ್ಲ ಅಂತ ನಂಬಿದ್ದವರು, 1954ರಲ್ಲಿ ಬಡತನದಲ್ಲೇ ತೀರ್ಕೊಂಡ್ರು. ನಮ್ಮ ಶಾಲೆ ಪುಸ್ತಕದಲ್ಲಿ ಅವರ ಹೆಸರನ್ನ ನಾನು ಓದಿದ್ದಿಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ಬರಹ ಚೆನ್ನಾಗಿರುತ್ತೆ, ಆದ್ರೆ ಸುಳ್ಳಾಗುತ್ತೆ.

ಮೇಲೆ ನೀರುಗಂಟಿ ಬಗ್ಗೆ ಬರೀತಾ ಅವನು ಅಂತ ಬರ್ದಿದೀನಿ, ಗಮನಿಸಿದ್ರೋ ಇಲ್ವೋ. ಅಳಿಸೋಕೆ ಹೋದೆ, ಬೇಡ ಇರಲಿ ಅಂತ ಬಿಟ್ಟೆ. ನಾನು ಏಳು ವರ್ಷದವನಿದ್ದಾಗ ಎಪ್ಪತ್ತು ವರ್ಷದ ಆ ಮುದುಕರನ್ನ ಹೆಸರು ಹಿಡಿದು ಏಕವಚನದಲ್ಲಿ ಕರೀತಿದ್ದೆ, ಅವರು ನಂಗೆ ಏನ್ ಬುದ್ದೀ ಅಂತಿದ್ರು. ಹೆಗಲ ಮೇಲೆ ಸನಿಕೆ, ಮೊಣಕಾಲ ತನಕ ಕೆಸರು, ರಾತ್ರಿ ಎರಡು ಗಂಟೆಗೂ ಕಾಲುವೆ ಮೇಲೆ ಲಾಟೀನು. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವರ ತಲೆಯಲ್ಲೇ ಇರ್ತಿತ್ತು, ಪಟೇಲರ ಗದ್ದೆ ಮಡೆಯನ್ನೂ ಟೈಮ್ ಆದ ಕೂಡ್ಲೇ ಕಟ್ಟೋರು, ಯಾರೂ ಎದುರು ಮಾತಾಡಂಗಿಲ್ಲ. ನೀರು ಕಮ್ಮಿ ಇದ್ದ ವರ್ಷ ಎಲ್ರೂ ಕೂತು ಈ ಸಲ ಅರ್ಧ ಅಚ್ಚುಕಟ್ಟಿಗೆ ಮಾತ್ರ ಅಂತ ತೀರ್ಮಾನ ಮಾಡಿದ್ರೆ ಅದನ್ನ ಗದ್ದೆ ಗದ್ದೆಗೂ ಇಳಿಸೋದು ಅವರ ಕೆಲಸ. ಒಕ್ಕಣೆ ಆದಾಗ ಕಣದಲ್ಲೇ ಅವರಿಗೆ ಭತ್ತ ಅಳೆದು ಕೊಡೋರು, ಅದೇ ಆಯ. ಅವರು ಮೋಸ ಮಾಡಲ್ಲ ಯಾಕೆ ಅಂತ ಅಜ್ಜನ್ನ ಕೇಳಿದ್ದೆ, ಅಚ್ಚುಕಟ್ಟಲ್ಲಿ ಅವನಿಗೆ ಒಂದು ಗುಂಟೆ ಗದ್ದೆ ಇಲ್ವಲ್ಲ ಮಗಾ, ಇನ್ನು ಯಾರಿಗೆ ಅಂತ ಮೋಸ ಮಾಡ್ತಾನೆ ಅಂದಿದ್ರು ಅಜ್ಜ. ಆಗ ಅದು ಜಾಣತನದ ಮಾತು ಅನ್ನಿಸಿತ್ತು. ಊರಿಗೆಲ್ಲ ನೀರು ಹಂಚಿದ ಆ ಮನುಷ್ಯ ಹೊಲಗೇರಿಯವರು, ಊರೊಳಗಿನ ಬಾವಿಗೆ ಅವರ ಮನೆಯವರು ಬಿಂದಿಗೆ ಇಳಿಸೋ ಹಾಗಿರಲಿಲ್ಲ. ಮುಯ್ಯಾಳು ಅಂದ್ನಲ್ಲ, ಅದು ಕೂಡ ಕೇರಿ ದಾಟ್ತಿರಲಿಲ್ಲ, ನಮ್ಮ ಗದ್ದೆಗೆ ಅವರು ಬರ್ತಿದ್ರು, ನಾವು ಯಾವತ್ತೂ ಹೋಗ್ಲಿಲ್ಲ, ಹೋಗೋಕೆ ಅವರಿಗೆ ಗದ್ದೆ ಎಲ್ಲಿತ್ತು.

ಕ್ರೊಪಾಟ್ಕಿನ್ ತನ್ನ ಬಾಲ್ಯದ ಬಗ್ಗೆ ಬರ್ಕೊಂಡಿರೋ ಒಂದು ಜಾಗ ನನ್ನನ್ನ ಬಿಡ್ತಾ ಇಲ್ಲ. ಮನೆಯಲ್ಲಿ ಮಕಾರ್ ಅಂತ ಜೀತದಾಳು, ಪಿಯಾನೋ ಶ್ರುತಿ ಮಾಡೋರು, ಊಟ ಬಡಿಸೋರು. ಅಪ್ಪ ಒಂದಿನ ಸಿಟ್ಟಿಗೆ ಅವರಿಗೆ ನೂರು ಛಡಿ ಏಟು ಹಾಕಿಸ್ತಾನೆ. ಹುಡುಗ ಅಳ್ತಾ ಕತ್ತಲ ಓಣಿಯಲ್ಲಿ ಕಾದಿದ್ದು ಅವರ ಕೈಗೆ ಮುತ್ತಿಡೋಕೆ ಹೋಗ್ತಾನೆ, ಅವರು ಕೈ ಎಳ್ಕೊಂಡು, ಬಿಡು, ದೊಡ್ಡವನಾದ್ಮೇಲೆ ನೀನೂ ಹೀಗೇ ತಾನೆ ಅಂತಾರೆ. ಇಲ್ಲ, ಯಾವತ್ತೂ ಇಲ್ಲ ಅಂತಾನೆ ಹುಡುಗ. ಆ ಮಾತನ್ನ ಅವನು ಉಳಿಸ್ಕೊಂಡ. ಅವನ ಅರಾಜಕವಾದದ ಬೇರು ಜೂರಾದಲ್ಲೋ ಸೈಬೀರಿಯಾದಲ್ಲೋ ಅಲ್ಲ, ಆ ಓಣಿಯಲ್ಲಿದೆ ಅಂತ ನಂಗೆ ಅನ್ಸುತ್ತೆ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿ ಅಂದ್ರೆ ಸಂಕುಚಿತತೆಯ ಕೊಳಚೆ, ಅಜ್ಞಾನದ ಗವಿ ಅನ್ನೋ ಅರ್ಥದಲ್ಲಿ ಹೇಳಿದ್ರು, ಗ್ರಾಮ ಗಣರಾಜ್ಯ ಅಂತ ಹಾಡಿ ಹೊಗಳೋರ ಮುಖಕ್ಕೇ. ಕಾಲೇಜಲ್ಲಿ ಓದಿದಾಗ ತುಂಬ ಕಟುವಾಯ್ತು ಅನ್ನಿಸಿತ್ತು, ಈಗ ಅನ್ನಿಸಲ್ಲ. ಜಾತಿ ಅಂದ್ರೆ ಕಚೇರಿ ಇಲ್ಲದ, ಪೊಲೀಸ್ ಇಲ್ಲದ ಸರ್ಕಾರ, ಊರೊಳಗೇ ಕೂತಿರೋ ಸರ್ಕಾರ. ರಾಜ ಇಲ್ಲದೆ ಆಳೋದು ಹೇಗೆ ಅಂತ ಅದಕ್ಕಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ದಿಲ್ಲಿ ಪ್ರಭುತ್ವವನ್ನ ಮಾತ್ರ ಎದುರಿಸಿ ಇದನ್ನ ಪರಂಪರೆ ಅಂತ ಬಿಟ್ರೆ ಅದು ಅರಾಜಕವಾದ ಆಗಲ್ಲ, ಪಟೇಲಿಕೆ ಆಗುತ್ತೆ.

ಕೋಡಿ ಬಿದ್ದ ಆ ರಾತ್ರಿ ಮೂಟೆ ಪೇರಿಸಿ ಆದ್ಮೇಲೆ ಏರಿ ಮೇಲೆ ಕೂತು ಟೀ ಕುಡಿಯೋವಾಗ ನೀರುಗಂಟಿ ಮೊಮ್ಮಗನ ಹತ್ರ ಇದನ್ನೆಲ್ಲ ಹೇಳಿದ್ದೆ, ನೋಡಪ್ಪ, ಸರ್ಕಾರ ಬರೋಕೆ ಮುಂಚೆ ನಾವೇ ಮಾಡ್ಕೊಂಡ್ವಿ ಅಂತ ಖುಷಿಯಲ್ಲಿ. ಅವನು ಜಿಲ್ಲಾ ಕೇಂದ್ರದಲ್ಲಿ ಗುಮಾಸ್ತ, ಮೀಸಲಾತಿಯಲ್ಲಿ ಕೆಲಸ ಸಿಕ್ಕಿದ್ದು, ಅವರ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳ್ದ, "ನಿಮ್ಗೆ ಸರ್ಕಾರ ಬೇಡ ಅನ್ನೋಕಾಗುತ್ತಣ್ಣ. ನಮ್ ತಾತನಿಗೆ ಊರಿತ್ತು, ಸರ್ಕಾರ ಇರ್ಲಿಲ್ಲ. ನಂಗೆ ಸರ್ಕಾರ ಇದೆ." ಆಮೇಲೆ ತಾನಾಗೇ, "ಆದ್ರೆ ತಾತನಿಗೆ ಗೊತ್ತಿದ್ದು ಸರ್ಕಾರಕ್ಕೆ ಗೊತ್ತಿಲ್ಲ, ಅದೂ ನಿಜ" ಅಂದ.

ಈ ವರ್ಷ ಬೇಸಿಗೆಗೆ ಮುಂಚೆ ತೂಬು ರಿಪೇರಿ ಮಾಡಿ ಹೂಳು ಎತ್ತಿಸೋಣ, ಹೆಸರಿಗೆ ಮಾತ್ರ ಇರೋ ಕೆರೆ ಬಳಕೆದಾರರ ಸಂಘಕ್ಕೆ ಜೀವ ಕೊಡೋಣ ಅಂತ ಊರಲ್ಲಿ ಮಾತು ಶುರುವಾಗಿದೆ. ಅವನಿಗೆ ಫೋನ್ ಮಾಡಿ, ಕೆರೆ ಏರಿ ವಿಷಯ ನಿನಗೆ ಗೊತ್ತಿರೋದು, ಬರ್ಬೇಕು ಅಂದೆ. ಮೀಟಿಂಗ್ ಎಲ್ಲಿ ಅಂತ ಕೇಳ್ದ. ದೇವಸ್ಥಾನದ ಅಂಗಳದಲ್ಲಿ ಅಂತ ಅಂದ್ಕೊಂಡಿದ್ದಾರೆ ಅಂದೆ. "ಅಲ್ಲಿ ಆದ್ರೆ ನಮ್ಮಮ್ಮ ಮೆಟ್ಲು ಕೆಳಗೆ ನಿಂತ್ಕೋತಾರಣ್ಣ, ಯಾರೂ ಹೇಳ್ದಿದ್ರೂ ನಿಂತ್ಕೋತಾರೆ. ಸ್ಕೂಲಲ್ಲಿ ಮಾಡಿ, ಎಲ್ಲರಿಗೂ ಬೆಂಚ್ ಹಾಕಿ, ಸಂಘದ ಪಟ್ಟಿಯಲ್ಲಿ ಗದ್ದೆ ಇಲ್ಲದೋರ ಹೆಸರೂ ಬರೀರಿ, ಆಗ ಬರ್ತೀವಿ." ಇದನ್ನ ಹೇಳ್ಬೇಕಾದ ಮನೆಗಳಲ್ಲಿ ಮೊದಲನೆಯದು ನಮ್ಮ ಚಿಕ್ಕಪ್ಪನದು. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೀನಿ.